ಒಂಬತ್ತನೇ ತರಗತಿಯ ತೀರ್ಪು

ಸೋಹಿನಿ ಲಾಹಿರಿ ಕುಸುಮಘಾಟಿನ ಹೆಣ್ಣುಮಕ್ಕಳ ಶಾಲೆಗೆ ಬಾಂಗ್ಲಾ ಪಾಠ ಹೇಳಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲೇ ಒಂದು ಯೋಚನೆ ಹೊತ್ತು ತಂದಳು. ಹೊಸದಾಗಿ ಬಂದ ಮೇಷ್ಟರುಗಳಿಗೆ ಯೋಚನೆ ಬರುವುದು ಮಳೆಗಾಲದಲ್ಲಿ ನೆಗಡಿ ಬಂದ ಹಾಗೆ. ಮದ್ದು ಬೇಡ, ತಾನೇ ಹೋಗುತ್ತದೆ. ಹಾಗೆಂದು ಬೊಡ್ದಿ ನಂಬಿದ್ದರು. ಬೊಡ್ದಿ ಅಂದರೆ ದೊಡ್ಡಕ್ಕ; ಅಲ್ಲಿ ಟೀಚರುಗಳ ಹೆಸರಿಗೆಲ್ಲ 'ದಿ', ಅಂದರೆ ಅಕ್ಕ, ಸೇರಿಸಿಯೇ ಕರೆಯುವುದು. ಅವರ ನಿಜವಾದ ಹೆಸರು ಸಂಧ್ಯಾ ಸರ್ಖೇಲ್, ಶಾಲೆಯ ಮುಖ್ಯೋಪಾಧ್ಯಾಯಿನಿ, ಇತಿಹಾಸದ ಪಾಠವೂ ಅವರದೇ. ಊರಿಗೆ ಊರೇ ಅವರನ್ನು ಬೊಡ್ದಿ ಅನ್ನುತ್ತಿತ್ತು. ಬದುಕಿದ್ದಷ್ಟು ಕಾಲ ಗಂಡನೂ ನಾಲ್ಕು ಜನರೆದುರು ಹಾಗೇ ಕರೆದಿದ್ದ.

"ಒಂದೇ ಒಂದು ಕಥೆ ಬೊಡ್ದಿ. ವಿಜ್ಞಾನದ ಕಥೆ, ನಾನೇ ಬರೆದಿದ್ದು. ಒಂಬತ್ತನೇ ಕ್ಲಾಸಿಗೆ ವಾರಕ್ಕೊಂದು ಕಂತು ಹೇಳ್ತೀನಿ. ಅದೇ ಕಂತನ್ನ ಮನ್ಸುರ್ ಮೇಷ್ಟ್ರು ಭೌತವಿಜ್ಞಾನಕ್ಕೂ ಗಣಿತಕ್ಕೂ ತಗೋತಾರೆ, ಶ್ಯಾಮಲೀದಿ ಭೂಗೋಳಕ್ಕೆ ತಗೋತಾರೆ, ನೀವು ಇತಿಹಾಸಕ್ಕೆ. ಎಲ್ಲಾ ಪಾಠಾನೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ."

"ಮತ್ತೆ ಸಿಲೆಬಸ್ಸು?"

"ಸಿಲೆಬಸ್ಸೇ ಬೊಡ್ದಿ. ಬರೀ ಅಂಗಿ ಬೇರೆ."

"ಪರೀಕ್ಷೇಲಿ ಅಂಗಿಗೆ ಮಾರ್ಕು ಕೊಡಲ್ಲಮ್ಮ."

ಮನ್ಸುರ್ ಬಿಶ್ವಾಸ್ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ತಿನ್ನುತ್ತಿದ್ದರು. ಆ ಊರಲ್ಲೇ ಹುಟ್ಟಿ ಅಲ್ಲೇ ಮೇಷ್ಟರಾದ ಮನುಷ್ಯ, ಮಾತು ಕಡಿಮೆ. "ಮಾಡ್ಲಿ ಬಿಡಿ ಬೊಡ್ದಿ," ಅಂದರು. "ಈಗ ನಾನು ಹೇಳೋದನ್ನ ಹೇಗೂ ಯಾರೂ ಕೇಳ್ತಿಲ್ಲ. ಕೇಳದೇ ಇರೋದನ್ನ ಇನ್ನೊಂದು ಥರ ಹೇಳಿದ್ರೆ ನಷ್ಟ ಏನು?"

ನಷ್ಟ ಇಲ್ಲ ಅನ್ನಿಸಿತು ಬೊಡ್ದಿಗೆ. ಹಾಗಾಗಿ ಒಪ್ಪಿದರು.

ಕಥೆ ಹೀಗಿತ್ತು. ನೀಲಾ ಎಂಬ ಗ್ರಹ. ಆಕಾಶದಲ್ಲಿ ಒಂದು ಬೂದಿಯ ಮೋಡ ಅದರ ಕಡೆ ಸರಿದು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ನುಂಗುತ್ತಿದೆ. ನೀಲಾದ ಜನರ ಹತ್ತಿರ ಇರುವುದು ಒಂದೇ ಆಕಾಶಹಡಗು, ಅದಕ್ಕೊಬ್ಬಳು ಕ್ಯಾಪ್ಟನ್. ಮನೆಮನೆಯವರೂ ಇಷ್ಟೇ ತೂಕದ ಸಾಮಾನು ಹೇರಬಹುದು, ಮಿಕ್ಕಿದ್ದನ್ನು ಬಿಟ್ಟು ಹೊಸ ಗ್ರಹಕ್ಕೆ ಹೋಗಬೇಕು. ಸೋಹಿನಿ ಇದನ್ನು ಕಲ್ಕತ್ತೆಯ ತನ್ನ ಮಹಡಿ ಕೋಣೆಯಲ್ಲಿ ಕೂತು ಬರೆದಿದ್ದಳು. ಕುಸುಮಘಾಟಿನ ಹುಡುಗಿಯರ ಮುಂದೆ ಹೇಳಿದಾಗ ಏನಾಗುತ್ತದೆಂದು ಅವಳಿಗೇನು ಗೊತ್ತು ಪಾಪ.

ಕಥೆ ನಿಲ್ಲಿಸಿದ ತಕ್ಷಣ ಹಿಂದಿನ ಬೆಂಚಿನಿಂದ ಜುಂಪಾ ಹಾಲದಾರ್ ಎದ್ದು ನಿಂತಳು. ಮೀನುಗಾರರ ಮನೆಯ ಹುಡುಗಿ, ಬಾಯಿ ಜೋರು, ಬೀಡಿ ಕಟ್ಟಿ ಕಟ್ಟಿ ಬೆರಳಿನ ತುದಿ ಹಳದಿ.

"ಸೋಹಿನಿದಿ, ಮೋಡ ದಿನಕ್ಕೆ ಎಷ್ಟು ಮುಂದೆ ಬರುತ್ತೆ?"

"ಅದು... ಯಾಕಮ್ಮ?"

"ಎಷ್ಟು ಬರುತ್ತೆ ಅಂತ ಗೊತ್ತಿಲ್ದೆ ಹೆಂಗೆ ಗಂಟು ಕಟ್ಟೋದು? ಹಗಲು ಬರುತ್ತೋ, ರಾತ್ರಿ ಬರುತ್ತೋ?"

"ಒಂದೇ ಸಮ ಬರುತ್ತೋ, ತಿಂಗಳುಗಟ್ಟಲೆ ಸುಮ್ನಿದ್ದು ಆಮೇಲೆ ಒಂದೇ ಸಲ ಬರುತ್ತೋ?" ಇದು ಸಬೀನಾ ಖಾತುನ್, ಜುಂಪಾಳ ಪಕ್ಕದವಳು. ವರ್ಷಕ್ಕೆ ಎರಡು ಸಲ ಬಾಯಿಬಿಟ್ಟರೆ ಹೆಚ್ಚು.

ಸೋಹಿನಿ ಖುಷಿಯಿಂದ ಹಾರಾಡುತ್ತಾ ಸ್ಟಾಫ್ ರೂಮಿಗೆ ಬಂದಳು. ಮಕ್ಕಳು ಪ್ರಶ್ನೆ ಕೇಳುತ್ತಿದ್ದಾರೆ! ಆ ಖುಷಿ ಮರುದಿನದ ತನಕ ಇತ್ತು. ಹಡಗಿಗೆ ಏನೇನು ಹೇರುತ್ತೀರಿ ಎಂದು ಬರೆದುಕೊಂಡು ಬರಲು ಹೇಳಿದ್ದಳು. ಬೀಜ ಬರೆಯುತ್ತಾರೆ, ಪುಸ್ತಕ ಬರೆಯುತ್ತಾರೆ, ಅಜ್ಜಿಯ ಹಾಡು ಅಂತ ಬರೆಯುವವಳೂ ಒಬ್ಬಳಿರುತ್ತಾಳೆ ಎಂದು ಕಾದಿದ್ದಳು. ಬಂದದ್ದೇನು? ಇಟ್ಟಿಗೆ. ಬಾಗಿಲ ಚೌಕಟ್ಟು. ತಗಡು. ಬೋರಿನ ಪೈಪು. ಒಬ್ಬಳು ಹೊಸ್ತಿಲು ಅಂತ ಬರೆದಿದ್ದಳು, ಅದರ ಪಕ್ಕದಲ್ಲಿ 'ಇದು ಗಟ್ಟಿ ಸಾಲ್ ಮರದ್ದು' ಅಂತಲೂ ಬರೆದಿದ್ದಳು.

"ಇವ್ರಿಗೆ ಕಲ್ಪನೆ ಅನ್ನೋದೇ ಇಲ್ಲ ಬೊಡ್ದಿ!" ಸೋಹಿನಿಯ ಕಣ್ಣಲ್ಲಿ ನೀರು. "ನಕ್ಷತ್ರಕ್ಕೆ ಹೋಗೋ ಹಡಗಿಗೆ ಇಟ್ಟಿಗೆ ಹೇರ್ತಾರೆ! ಬೋರಿನ ಪೈಪು ಯಾಕೆ ಅಂತ ಕೇಳಿದ್ರೆ, ಅಲ್ಲಿ ನೀರು ನೆಲದ ಮೇಲಿರುತ್ತೋ ಕೆಳಗಿರುತ್ತೋ ಅಂತ ನನ್ನನ್ನೇ ಕೇಳ್ತಾಳೆ ಆ ಜುಂಪಾ!"

"ಎಲ್ಲಿರುತ್ತೆ?" ಮನ್ಸುರ್ ಕೇಳಿದರು.

"ನಂಗೇನು ಗೊತ್ತು ಮೇಷ್ಟ್ರೇ?"

"ಹಾಗಾದ್ರೆ ಪೈಪು ತಗೊಂಡು ಹೋಗೋದೇ ಸರಿ."

ಬೊಡ್ದಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ಅವರಿಗೆ ಈ ಹುಡುಗಿಯ ಮೇಲೆ ಕನಿಕರ ಬಂತು. ಗಂಗೆಯ ದಡದಲ್ಲಿ ವರ್ಷ ಕಳೆಯುತ್ತಾ ಬಂದರೂ ಈಕೆಗೆ ಯಾರೂ ಹೇಳಿಲ್ಲ, ಹೇಳಬೇಕು ಅಂತ ಯಾರಿಗೂ ಅನ್ನಿಸಿಲ್ಲ. ಅಲ್ಲಿ ನದಿ ದಡ ಕೊರೆಯುತ್ತಾ ಮನೆಯ ಹತ್ತಿರ ಬಂದಾಗ ಯಾರೂ ಅಳುತ್ತಾ ಕೂರುವುದಿಲ್ಲ. ತಮ್ಮ ಮನೆಯನ್ನು ತಾವೇ ಒಡೆಯುತ್ತಾರೆ. ನದಿ ನುಂಗುವ ಮೊದಲು ತಗಡು ಇಳಿಸಿ, ಬಾಗಿಲು ಕಿತ್ತು, ಇಟ್ಟಿಗೆ ಬಿಡಿಸಿ, ಬೋರಿನ ಪೈಪನ್ನೂ ಎಳೆದು ತೆಗೆದು ಒಳನಾಡಿಗೆ ಸಾಗಿಸುತ್ತಾರೆ. ಬೊಡ್ದಿಯ ಸ್ವಂತ ಮನೆ ಹಾಗೆ ಒಡೆಯದೇ ನದಿಪಾಲಾದದ್ದರಿಂದಲೇ ಇವತ್ತು ಅವರು ಬಾಡಿಗೆ ಕೋಣೆಯಲ್ಲಿದ್ದಾರೆ. ಆಗ ಗಂಡ ಆಸ್ಪತ್ರೆಯಲ್ಲಿದ್ದ.

"ಇಟ್ಟಿಗೆ ಬಿಟ್ಟು ಬಂದೋರು ಮತ್ತೆ ಮನೆ ಕಟ್ಟಿದ್ದು ನಾನಂತೂ ನೋಡಿಲ್ಲಮ್ಮ," ಅಂದರು ಮನ್ಸುರ್. "ನಮ್ಮನೆ ಇಟ್ಟಿಗೆ ಈಗ ನಾಲ್ಕನೇ ಊರು ನೋಡ್ತಿದೆ. ನನಗಿಂತ ಜಾಸ್ತಿ ಓಡಾಡಿದೆ."

ಆಮೇಲೆ ಆ ಇಟ್ಟಿಗೆಗಳೇ ಪಾಠ ಮಾಡಿದವು ಅನ್ನಬೇಕು. ಮನ್ಸುರ್ ಮೇಷ್ಟರು ಒಂದು ಇಟ್ಟಿಗೆ ತಂದು ಮೇಜಿನ ಮೇಲಿಟ್ಟು, ಇದನ್ನು ಆಕಾಶಕ್ಕೆ ಎತ್ತಲು ಎಷ್ಟು ಬಲ ಬೇಕು ಹೇಳಿ ಎಂದರು. ಲೆಕ್ಕ ಹಾಕಿ ನೋಡಿದರೆ ಹಡಗು ನೆಲ ಬಿಡುವುದೇ ಇಲ್ಲ. ಹುಡುಗಿಯರು ಸಂತೆಯಲ್ಲಿ ಚೌಕಾಶಿ ಮಾಡುವ ಹಾಗೆ ಇಟ್ಟಿಗೆ ಕಡಿಮೆ ಮಾಡಿದರು, ಚೌಕಟ್ಟು ಬಿಟ್ಟರು, ಪೈಪು ಮಾತ್ರ ಬಿಡಲಿಲ್ಲ. ಬಲ ಅಂದರೇನು ಎಂದು ಅರ್ಧ ವರ್ಷ ಕೇಳಿದರೂ ಬಾಯಿ ಬಿಡದಿದ್ದವರು ಈಗ ಬಲ ಸಾಲದು ಎಂದು ಜಗಳಕ್ಕೆ ನಿಂತರು. ಶ್ಯಾಮಲೀದಿಗೆ ಅಂತರ್ಜಲದ ಪಾಠ ಎರಡೆರಡು ಸಲ ಮಾಡಬೇಕಾಯಿತು. ಬೊಡ್ದಿ ಇತಿಹಾಸದಲ್ಲಿ, ಊರು ಬಿಟ್ಟು ಹೊರಟವರು ದಾಖಲೆಯಲ್ಲಿ ಉಳಿಯುವುದು ಹೇಗೆ ಎಂದು ಶುರು ಮಾಡಿದರು. ನಿಮ್ಮ ಅಜ್ಜ ಎಲ್ಲಿಯವರು ಅಂತ ಒಬ್ಬೊಬ್ಬಳನ್ನೂ ಕೇಳಿದರೆ, ಅವಳು ಹೇಳಿದ ಊರು ಯಾವ ನಕ್ಷೆಯಲ್ಲೂ ಇಲ್ಲ, ಎಲ್ಲಾ ನೀರಿನಡಿ. ಬೊಡ್ದಿ ಅವತ್ತು ಗಂಟೆ ಹೊಡೆದದ್ದು ಕೇಳಿಸದೆ ಪಾಠ ಮುಂದುವರಿಸಿದರು. ಅವರ ನೌಕರಿಯಲ್ಲಿ ಹಾಗಾದದ್ದು ಅದೇ ಮೊದಲು.

ಭಾದ್ರಪದ ಮಾಸ ಬಂತು. ಪ್ರವಾಹ ಇಳಿಯತೊಡಗಿತು. ನೀರು ಏರುವಾಗಿನದಕ್ಕಿಂತ ಇಳಿಯುವಾಗಲೇ ದಡ ಹೆಚ್ಚು ಕುಸಿಯುವುದು. ಶಾಲೆಯ ಮುಂದಿನ ಆಟದ ಬಯಲು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಪಾಠದ ನಡುವೆ ದಢಾರನೆ ಸದ್ದು ಬಂದರೆ ಹುಡುಗಿಯರು ಕಿಟಕಿಗೆ ಓಡುತ್ತಿರಲಿಲ್ಲ, ಸದ್ದಿನಲ್ಲೇ ಎಷ್ಟು ಹೋಯಿತು ಎಂದು ಅಂದಾಜು ಮಾಡಿ ಮತ್ತೆ ಬರೆಯುತ್ತಿದ್ದರು.

ಶಾಲೆಯನ್ನು ಒಡೆದು ಸಾಗಿಸಲು ಅನುಮತಿ ಕೇಳಿ ಬೊಡ್ದಿ ಜಿಲ್ಲಾ ಕಚೇರಿಗೆ ಹೋದರು. ಅಲ್ಲಿಯ ಸಾಹೇಬರು ಒಳ್ಳೆಯವರೇ, ಚಹಾ ಕುಡಿಸಿದರು.

"ಮೇಡಂ, ನದಿ ಇನ್ನೂ ದೂರ ಇದೆ, ಕಟ್ಟಡ ಭದ್ರವಾಗಿದೆ. ಭದ್ರವಾಗಿರೋ ಸರ್ಕಾರಿ ಕಟ್ಟಡ ಒಡೆಯೋಕೆ ಅನುಮತಿ ಕೊಡೋ ಹಾಗಿಲ್ಲ."

ದುರ್ಗಾಪೂಜೆಯ ರಜೆ ಮುಗಿದ ಮೇಲೆ ಮತ್ತೆ ಹೋದರು. ಅಷ್ಟರಲ್ಲಿ ಬಯಲು ಪೂರ್ತಿ ಹೋಗಿ, ಧ್ವಜದ ಕಂಬವೂ ಹೋಗಿತ್ತು.

"ಮೇಡಂ, ಈಗ ನದಿ ತೀರಾ ಹತ್ತಿರ ಬಂದಿದೆ. ಅಪಾಯದ ಕಟ್ಟಡದೊಳಗೆ ಯಾರನ್ನೂ ಬಿಡೋ ಹಾಗಿಲ್ಲ. ಒಡೆಯೋರನ್ನೂ."

"ನಡುವೆ ಯಾವತ್ತಾದ್ರೂ ಒಂದಿನ ಒಡೆಯಬಹುದಿತ್ತಾ?"

"ಇತ್ತು ಮೇಡಂ. ಆ ದಿನ ನಿಮ್ಮ ಅರ್ಜಿ ಬಂದಿರ್ಲಿಲ್ಲ."

ಇದನ್ನು ಆತ ತಮಾಷೆಗೆ ಹೇಳಲಿಲ್ಲ. ಕಟ್ಟಡ ಬಿದ್ದರೆ ಶಾಲೆಯನ್ನು ಪೇಟೆಯ ಗಂಡುಮಕ್ಕಳ ಶಾಲೆಗೆ ಸೇರಿಸಲಾಗುವುದು, ಯಾರಿಗೂ ತೊಂದರೆ ಇಲ್ಲ ಎಂದು ಸಮಾಧಾನವನ್ನೂ ಹೇಳಿದರು.

ಬೊಡ್ದಿಗೆ ಆ ಸಮಾಧಾನ ಗೊತ್ತಿತ್ತು. ಹಿಂದೆ ಮೇಲಿನ ದೋಣಿಘಾಟಿನ ಶಾಲೆ ನದಿಗೆ ಹೋದಾಗಲೂ ಹೀಗೇ ಸೇರಿಸಿದ್ದರು. ಪೇಟೆ ದೂರ, ಗಂಡುಹುಡುಗರ ಶಾಲೆ, ದಾರಿಯಲ್ಲಿ ಬಸ್ಸಿಲ್ಲ. ಆ ಊರಿನ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯೂ ಪೇಟೆಯ ಶಾಲೆಯ ಮುಖ ನೋಡಲಿಲ್ಲ. ಮುಂದಿನ ವೈಶಾಖದಲ್ಲಿ ಅವರಲ್ಲಿ ಇಬ್ಬರ ಮದುವೆಯ ಊಟವನ್ನು ಬೊಡ್ದಿಯೇ ಉಂಡು ಬಂದಿದ್ದರು. ಈಗ ಜುಂಪಾಳ ಅಪ್ಪ ಘಾಟಿನಲ್ಲಿ ಸಿಕ್ಕವನು ಬಲೆ ಬಿಡಿಸುತ್ತಾ ಮುಖ ನೋಡದೆ ಹೇಳಿಬಿಟ್ಟ, "ಶಾಲೆ ಇರೋ ತನಕ ಓದ್ಲಿ ಬೊಡ್ದಿ. ಆಮೇಲೆ ಒಂದು ಗಂಡು ನೋಡಿಟ್ಟಿದೀನಿ."

ಜಾಗ ಇತ್ತು. ಊರೊಳಗೆ ಮಾವಿನ ತೋಪಿನ ಹಾಜಿ ಸಾಹೇಬರು ಒಂದು ಮೂಲೆ ಬಿಟ್ಟುಕೊಡುತ್ತೇನೆ ಎಂದಿದ್ದರು. ನಾಲ್ಕು ಗೋಡೆಯೊಳಗೆ ಪಾಠ ನಡೆಯುತ್ತಿದೆ ಎಂದು ತೋರಿಸಿದರೆ ಸೇರಿಸುವ ಮಾತು ನಿಲ್ಲುತ್ತದೆ. ಆದರೆ ಗೋಡೆ ಎಲ್ಲಿಂದ ಬರಬೇಕು? ಇಟ್ಟಿಗೆ ಇದ್ದದ್ದು ಶಾಲೆಯಲ್ಲಿ. ಅದನ್ನು ಮುಟ್ಟಿದರೆ ಸರ್ಕಾರಿ ಆಸ್ತಿಯ ನಾಶ, ನೌಕರಿಗೆ ಕುತ್ತು. ನಿವೃತ್ತಿ ಎದುರಿಗೇ ಇತ್ತು. ಮಕ್ಕಳಿಲ್ಲ, ಮನೆ ಇಲ್ಲ, ತಮ್ಮನ ಹೆಂಡತಿಗೆ ಇವರನ್ನು ಕಂಡರಾಗದು. ಪೆನ್ಶನ್ ಒಂದು ಹೋದರೆ ಬೊಡ್ದಿ ಊಟಕ್ಕೆ ಇನ್ನೊಬ್ಬರ ಮುಖ ನೋಡಬೇಕು. ಅವರಿಗೆ ನಿಜವಾಗಿ ಹೆದರಿಕೆಯಾಗಿತ್ತು. ಹೆದರಿಕೆಯನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ಒಂಬತ್ತನೇ ತರಗತಿಯಲ್ಲಿ ಗಲಾಟೆ ಎಂದು ಬೈಯಲು ಹೋದರು.

ಒಳಗೆ ಸೋಹಿನಿಯ ಹೊಸ ಕಂತು ನಡೆಯುತ್ತಿತ್ತು. ಬೂದಿಮೋಡ ಹತ್ತಿರ ಬಂದಿದೆ. ಹಡಗು ತಯಾರು. ಆದರೆ ಹೊರಡಲು ರಾಜಧಾನಿಯಿಂದ ಆರ್ಡರ್ ಬಂದಿಲ್ಲ. ಕ್ಯಾಪ್ಟನ್ ಏನು ಮಾಡಬೇಕು? ಬೊಡ್ದಿ ಬಾಗಿಲಲ್ಲೇ ನಿಂತರು. ಈ ಹುಡುಗಿ ಬೇಕಂತಲೇ ಮಾಡುತ್ತಿದ್ದಾಳೋ ಏನೋ ಅನ್ನಿಸಿತು. ಸೋಹಿನಿಯ ಮುಖ ನೋಡಿದರೆ ಹಾಗೇನೂ ಕಾಣಲಿಲ್ಲ.

"ಕಾಯ್ಬೇಕು," ಅಂದಳು ಸಬೀನಾ. "ಆರ್ಡರ್ ಇಲ್ದೆ ಹೊರಟ್ರೆ ಆಮೇಲೆ ಯಾರೂ ಯಾರ ಮಾತೂ ಕೇಳಲ್ಲ."

"ಕಾಯಿ, ಕಾಯಿ!" ಜುಂಪಾ ಬೆಂಚಿನ ಮೇಲೆ ಗುದ್ದಿದಳು. "ಆರ್ಡರ್ ಬರೋ ಹೊತ್ತಿಗೆ ಆರ್ಡರ್ ಕೊಡೋ ಆಫೀಸೂ ಬೂದಿ ಆಗಿರುತ್ತೆ! ಯಾರಾದ್ರೂ ಮನೆ ಒಡೆಯೋಕೆ ಗಂಗೆ ಹತ್ರ ಆರ್ಡರ್ ಕೇಳ್ತಾರಾ?"

ಬೊಡ್ದಿ ಬೈಯಲಿಲ್ಲ. ತಿರುಗಿ ತಮ್ಮ ಕೋಣೆಗೆ ಹೋದರು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಸ್ಕ್ರೂಡ್ರೈವರ್ ತಂದು ಎಲ್ಲರೆದುರು ತಮ್ಮ ಕೋಣೆಯ ಬಾಗಿಲಿನ ತಿರುಪು ತಿರುಗಿಸತೊಡಗಿದರು. ಸ್ಕ್ರೂಡ್ರೈವರ್ ಎರಡು ಸಲ ಜಾರಿತು.

ಮನ್ಸುರ್ ಮೇಷ್ಟರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಬಾಗಿಲು ಆಮೇಲೆ ಬೊಡ್ದಿ. ಮೊದ್ಲು ತಗಡು."

ಆಮೇಲಿನದಕ್ಕೆ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಆ ಊರಿನವರಿಗೆ ಕಟ್ಟುವುದಕ್ಕಿಂತ ಒಡೆಯುವುದರಲ್ಲಿ ಕೈ ಪಳಗಿದೆ. ಗಂಡಸರು ತಗಡು ಇಳಿಸಿದರು, ಮೇಲಿನ ಸಾಲಿನಿಂದ ಶುರುಮಾಡಿ ಇಟ್ಟಿಗೆ ಬಿಡಿಸಿದರು. ಹುಡುಗಿಯರು ಸಾಲಾಗಿ ಕೂತು ಕುಡುಗೋಲಿನ ಹಿಂಭಾಗದಿಂದ ಗಾರೆ ಕೆರೆದರು. ಹಾಜಿ ಸಾಹೇಬರ ಎತ್ತಿನ ಗಾಡಿ, ಯಾರದೋ ಬ್ಯಾಟರಿ ರಿಕ್ಷಾ, ಕೊನೆಗೆ ತಲೆಯ ಮೇಲಿನ ಬುಟ್ಟಿ. ಒಂದು ಸಲಕ್ಕೆ ಯಾರು ಎಷ್ಟು ಹೊರಬಹುದು ಎಂದು ಹುಡುಗಿಯರು ಲೆಕ್ಕ ಹಾಕಿದ್ದು ಮನ್ಸುರ್ ಮೇಷ್ಟರ ಪಾಠದ ಪ್ರಕಾರವೇ. ಸೋಹಿನಿ ಮೊದಲ ದಿನ ಇಟ್ಟಿಗೆ ಹೊತ್ತು ಕಾಲ ಮೇಲೆ ಹಾಕಿಕೊಂಡಳು, ಎರಡನೇ ದಿನ ಕುಂಟುತ್ತಾ ಮತ್ತೆ ಬಂದಳು. ವಾರ ಕಳೆಯುವಷ್ಟರಲ್ಲಿ ದಡದ ಮೇಲೆ ಕೆಂಪು ನೆಲವೊಂದೇ ಉಳಿಯಿತು. ಜನ ಅದರ ಮೇಲೆ ನಿಂತು ನದಿಗಾಗಿ ಕಾದರು.

ನದಿ ಬರಲಿಲ್ಲ.

ಬರಲೇ ಇಲ್ಲ. ಮೇಲುಗಡೆ ಎಲ್ಲೋ ಮರಳ ದಿಬ್ಬ ಎದ್ದು, ಸೆಳೆತ ಆಚೆ ದಡಕ್ಕೆ ತಿರುಗಿತು. ಶಾಲೆಯ ನೆಲದಿಂದ ಒಂದು ಮಾರು ದೂರದಲ್ಲಿ ದಡ ಕಡಿದು ನಿಂತದ್ದು ಅಲ್ಲೇ ನಿಂತಿತು. ಕಾರ್ತಿಕ ಕಳೆಯಿತು, ಚಳಿ ಬಂತು, ಕೆಂಪು ನೆಲದ ಮೇಲೆ ಆಡುಗಳು ಬಿಸಿಲು ಕಾಯಿಸಿಕೊಂಡವು. ಗಂಗೆ ಹೀಗೆ ಮೋಸ ಮಾಡುವುದುಂಟು, ಎಷ್ಟೋ ಜನ ಸುಮ್ಮಸುಮ್ಮನೆ ಮನೆ ಒಡೆದುಕೊಂಡು ಆಮೇಲೆ ತಲೆ ಚಚ್ಚಿಕೊಂಡಿದ್ದಾರೆ. ಆದರೆ ಅವರು ಒಡೆದದ್ದು ಅವರವರ ಮನೆ.

ಘಾಟಿನ ಚಹಾದಂಗಡಿಯಲ್ಲಿ ಒಬ್ಬ ಅಂದ, "ಗಂಗೆಗೆ ಹಸಿವೇ ಇರ್ಲಿಲ್ಲ, ಬೊಡ್ದಿನೇ ಶಾಲೆ ತಿಂದ್ಳು." ಮಾತು ಊರೆಲ್ಲ ಸುತ್ತಿ ಸಂಜೆಯೊಳಗೆ ಬೊಡ್ದಿಯ ಕಿವಿಗೂ ಬಂತು. ಹಿಂದೆಯೇ ತನಿಖೆಯ ನೋಟೀಸೂ ಬಂತು.

ಮಾವಿನ ತೋಪಿನಲ್ಲಿ ಗೋಡೆ ಎದೆಮಟ್ಟ ಎದ್ದಿತ್ತು, ಮೇಲೆ ಹಳೆಯ ತಗಡು. ಪಾಠ ನಡೆಯುತ್ತಿತ್ತು. ಸೋಹಿನಿ ಮಾತ್ರ ಕಥೆ ನಿಲ್ಲಿಸಿಬಿಟ್ಟಿದ್ದಳು, ಬರೀ ವ್ಯಾಕರಣ ಮಾಡುತ್ತಿದ್ದಳು. ಮುಖ ಸಣ್ಣದಾಗಿತ್ತು.

"ನನ್ನ ಕಥೆಯಿಂದಾನೇ ಇಷ್ಟೆಲ್ಲ ಆಯ್ತು ಬೊಡ್ದಿ. ನಾನು ಆ ಕಂತು ಹೇಳಬಾರದಿತ್ತು."

"ನಿನ್ನ ಕಥೆಗೆ ಅಷ್ಟೊಂದು ಮರ್ಯಾದೆ ಕೊಟ್ಕೋಬೇಡಮ್ಮ. ನಾನು ಮೂವತ್ತು ವರ್ಷದಿಂದ ಈ ಊರಲ್ಲಿದೀನಿ."

ಹೀಗೆ ಹೇಳಿದರೇ ಹೊರತು ಬೊಡ್ದಿಗೆ ಒಳಗೆ ಒಂದೇ ಕುದಿ. ತಾನು ಮಾಡಿದ್ದು ಸರಿಯೋ ತಪ್ಪೋ? ಮನ್ಸುರ್ ಮೇಷ್ಟರನ್ನು ಕೇಳಿದರೆ ಸಮಾಧಾನ ಹೇಳುತ್ತಾರೆ, ಊರಿನವರನ್ನು ಕೇಳಿದರೆ ನಗುತ್ತಾರೆ, ಸಾಹೇಬರನ್ನು ಕೇಳಿದರೆ ನಿಯಮ ಹೇಳುತ್ತಾರೆ. ನಿಜ ಹೇಳುವವರು ಯಾರಾದರೂ ಬೇಕಿತ್ತು ಅವರಿಗೆ. ಅವತ್ತು ಇತಿಹಾಸದ ಹೊತ್ತಿನಲ್ಲಿ ಒಂಬತ್ತನೇ ತರಗತಿಗೆ ಹೋದವರು ಪುಸ್ತಕ ತೆರೆಯಲಿಲ್ಲ.

"ನೀಲಾದ ಕಥೆ ಎಲ್ಲಿಗೆ ಬಂದಿತ್ತು?"

"ಆರ್ಡರ್ ಇಲ್ದೆ ಹಡಗು ಹೊರಡ್ತು ಬೊಡ್ದಿ. ಆಮೇಲೆ ಸೋಹಿನಿದಿ ಹೇಳ್ಲೇ ಇಲ್ಲ," ಅಂದಳು ಜುಂಪಾ.

"ಆಮೇಲಿಂದು ನಾನು ಹೇಳ್ತೀನಿ. ಬೂದಿಮೋಡ ತಿರುಗಿ ಬೇರೆ ಕಡೆ ಹೋಯ್ತು. ನೀಲಾ ಇದ್ದ ಹಾಗೇ ಇದೆ. ಆದ್ರೆ ಹಡಗಿಗೆ ಹೇರೋಕೆ ಅಂತ ಕ್ಯಾಪ್ಟನ್ ಅಲ್ಲಿದ್ದ ಮನೆಗಳನ್ನೆಲ್ಲ ಮುರಿದಿದ್ಲು. ಈಗ ಅವಳ ಮೇಲೆ ವಿಚಾರಣೆ. ನ್ಯಾಯಾಲಯ ಹೇಗೆ ನಡೆಯುತ್ತೆ ಅಂತ ಹಿಂದಿನ ವಾರ ಪಾಠ ಮಾಡಿದೀನಿ. ನಡೆಸಿ."

ಹುಡುಗಿಯರಿಗೆ ಅರ್ಥವಾಯಿತೋ, ಆಗಿಯೂ ಆಗದವರ ಹಾಗೆ ಕೂತರೋ, ಬೊಡ್ದಿಗೆ ತಿಳಿಯಲಿಲ್ಲ. ಆದರೆ ಜಗಳ ಶುರುವಾದ ಮೇಲೆ ಅವರ ಕಡೆ ಯಾರೂ ತಿರುಗಿ ನೋಡಲಿಲ್ಲ, ಕಥೆಯೊಳಗೇ ಇಳಿದುಬಿಟ್ಟರು. ಬೊಡ್ದಿ ಹಿಂದಿನ ಬೆಂಚಿನಲ್ಲಿ ಕೂತರು.

ಕ್ಯಾಪ್ಟನ್ ವಿರುದ್ಧ ನಿಂತವಳು ಸಬೀನಾ. ಸೌಮ್ಯವಾಗಿ ಒಂದೊಂದೇ ಪ್ರಶ್ನೆ ಕೇಳಿದಳು. ಮೋಡ ತಿರುಗುವುದುಂಟು ಎಂದು ಕ್ಯಾಪ್ಟನ್‌ಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿತ್ತು. ಇನ್ನೊಂದು ದಿನ ಕಾಯಬಹುದಿತ್ತೋ ಇಲ್ಲವೋ? ಕಾಯಬಹುದಿತ್ತು. ಆ ಮನೆಗಳು ಅವಳ ಸ್ವಂತದ್ದೋ? ಅಲ್ಲ. ಬೊಡ್ದಿಗೆ ಪ್ರತಿಯೊಂದು ಪ್ರಶ್ನೆಯೂ ಎದೆಗೇ ತಾಗಿತು. ಕ್ಯಾಪ್ಟನ್ ಪರವಾಗಿ ನಿಂತ ಹುಡುಗಿ ತಡವರಿಸಿ ಅರ್ಧಕ್ಕೇ ಕೂತಳು.

ನ್ಯಾಯಾಧೀಶೆ ಜುಂಪಾ. ಅವಳನ್ನು ಆ ಜಾಗದಲ್ಲಿ ಕೂರಿಸಿದ್ದೇ ಬಾಯಿ ಮುಚ್ಚಿಸಲು. ಹಳದಿ ಬೆರಳಿಂದ ಕೆನ್ನೆ ತುರಿಸಿಕೊಂಡಳು.

"ಸಬೀನಾ ಹೇಳಿದ್ದೆಲ್ಲಾ ಸರಿ," ಅಂದಳು ಕೊನೆಗೆ. "ಕ್ಯಾಪ್ಟನ್ ತಪ್ಪು ಮಾಡಿದಾಳೆ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೋಡ ತಿರುಗುತ್ತೆ ಅಂತ ಮೊದ್ಲೇ ಯಾರಿಗೂ ಗೊತ್ತಾಗಲ್ಲ. ಅವಳು ಕಾದು, ಮೋಡ ತಿರುಗ್ದೇ ಇದ್ದಿದ್ರೆ ಇವತ್ತು ವಿಚಾರಣೆ ಮಾಡೋಕೆ ನಾವೇ ಇರ್ತಿರ್ಲಿಲ್ಲ. ಅದಕ್ಕೇ ತೀರ್ಪು ಏನಂದ್ರೆ, ಅವಳದ್ದು ತಪ್ಪು. ಇನ್ನೊಂದು ಸಲ ಇಂಥದೇ ಹೊತ್ತು ಬಂದ್ರೆ ಇದೇ ತಪ್ಪನ್ನ ಮತ್ತೆ ಮಾಡ್ಬೇಕು."

"ಅದೆಂಥಾ ತೀರ್ಪೇ?" ಯಾರೋ ನಕ್ಕರು.

"ನನ್ ತೀರ್ಪು. ಬೇಕಾದ್ರೆ ತಗೊಳ್ಳಿ," ಅಂದಳು ಜುಂಪಾ.

ತನಿಖೆಗೆ ಬಂದವರು ಬೇರೆ ಸಾಹೇಬರು, ವಯಸ್ಸಾದವರು. ತೋಪಿನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದರು, ಚಹಾ ಕೊಟ್ಟರು. ಅವರು ಕೆಂಪು ನೆಲವನ್ನೂ ನೋಡಿ ಬಂದಿದ್ದರು, ಎದೆಮಟ್ಟದ ಗೋಡೆಯ ಆಚೆಯಿಂದ ಬರುತ್ತಿದ್ದ ಪಾಠದ ಸದ್ದನ್ನೂ ಕೇಳಿಸಿಕೊಂಡಿದ್ದರು. ದನಿ ತಗ್ಗಿಸಿ ಮಾತಾಡಿದರು.

"ಸರ್ಖೇಲ್ ಮೇಡಂ, ನಿಮ್ಮ ಸರ್ವೀಸಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ. ನಿಮ್ಮನ್ನ ಉಳಿಸೋ ದಾರಿ ನನಗೆ ಕಾಣ್ತಿದೆ. ಊರಿನೋರು ಒತ್ತಾಯ ಮಾಡಿದ್ರು, ಸಹೋದ್ಯೋಗಿಗಳು ದಾರಿ ತಪ್ಪಿಸಿದ್ರು, ಗಾಬರೀಲಿ ಒಪ್ಪಿದೆ, ಇನ್ನು ಮುಂದೆ ಹೀಗೆ ಮಾಡಲ್ಲ. ಇಷ್ಟು ಹೇಳಿ. ಪೆನ್ಶನ್ ಮುಟ್ಟದ ಹಾಗೆ ನಾನು ನೋಡ್ಕೋತೀನಿ."

"ಯಾವ ಸಹೋದ್ಯೋಗಿಗಳು?"

"ಹೆಸ್ರು ಬೇಕಾಗುತ್ತೆ. ಒಂದೋ ಎರಡೋ. ಅವ್ರು ಚಿಕ್ಕವರು, ಅವ್ರಿಗೆ ದೊಡ್ಡದೇನೂ ಆಗಲ್ಲ."

ಬೊಡ್ದಿಗೆ ಆಸೆಯಾಯಿತು. ಆಗಲಿಲ್ಲ ಎಂದರೆ ಸುಳ್ಳು. ಬಾಡಿಗೆ ಕೋಣೆ, ತಮ್ಮನ ಹೆಂಡತಿಯ ಮುಖ, ಎಲ್ಲಾ ಕಣ್ಣೆದುರು ಬಂತು. ಒಡೆಸಿದ್ದು ತಾನಲ್ಲ ಅಂದುಬಿಟ್ಟರೆ ಈ ಗೋಡೆಯ ಇಟ್ಟಿಗೆಯೆಲ್ಲ ಕದ್ದ ಮಾಲಾಗುತ್ತದೆ ಎಂಬುದೂ ಬಂತು. ಚಹಾದ ಲೋಟವನ್ನು ಕೆಳಗಿಟ್ಟರು.

"ಯಾರೂ ಒತ್ತಾಯ ಮಾಡ್ಲಿಲ್ಲ. ನಾನೇ ಒಡೆಸಿದೆ. ಅದು ತಪ್ಪು, ಒಪ್ಕೋತೀನಿ."

ಸಾಹೇಬರು ಬರೆದುಕೊಂಡರು. "ಮುಂದೆ ಇಂಥಾ ಸಂದರ್ಭ ಬಂದ್ರೆ ಮಾಡಲ್ಲ ಅಂತ ಬರೀತೀನಿ."

"ಮಾಡ್ತೀನಿ ಅಂತ ಬರೀರಿ."

ಸಾಹೇಬರ ಪೆನ್ನು ನಿಂತಿತು. "ಮೇಡಂ, ಈ ಮಾತು ನಾನು ಕೇಳಿಸ್ಕೊಂಡಿಲ್ಲ. ಮೊದಲ್ನೇದು ಒಂದೇ ಇರ್ಲಿ. ಅಷ್ಟಾದ್ರೂ ನಿಮ್ಮ ಪರ ಏನೋ ಹೇಳ್ಬಹುದು."

"ಒಂದೇ ಬರೆದ್ರೆ ಅರ್ಧ ಆಗುತ್ತೆ ಸರ್. ಎರಡೂ ಬರೀರಿ."

ಅವರು ಬೊಡ್ದಿಯ ಮುಖವನ್ನು ನೋಡಿದರು, ಬೇಸರದಿಂದ ತಲೆಯಾಡಿಸಿದರು, ಎರಡನ್ನೂ ಬರೆದರು. ಬೊಡ್ದಿ ಓದಿ ಸಹಿ ಹಾಕಿದರು. ಅಮಾನತು ಅವತ್ತಿನಿಂದಲೇ. ಪೆನ್ಶನ್ ವಿಷಯ ಮೇಲಿನವರು ನೋಡುತ್ತಾರೆ, ನೋಡಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಶಾಲೆ ಮಾತ್ರ ನಡೆಯುತ್ತಿರುವುದನ್ನು ಕಣ್ಣಾರೆ ಕಂಡೆ, ಪೇಟೆಯ ಶಾಲೆಗೆ ಸೇರಿಸುವ ಅಗತ್ಯ ಕಾಣುವುದಿಲ್ಲ ಎಂದು ಸಾಹೇಬರು ತಾವಾಗಿಯೇ ಕೊನೆಗೆ ಬರೆದುಕೊಂಡರು.

ಸಾಹೇಬರ ರಿಕ್ಷಾ ಹೋದ ಮೇಲೆ ಗೋಡೆಯ ಮೇಲಿಂದ ಇಣುಕುತ್ತಿದ್ದ ಜುಂಪಾ ಹಾರಿ ಈಚೆ ಬಂದಳು.

"ಏನಾಯ್ತು ಬೊಡ್ದಿ? ಸಾಹೇಬ್ರು ಏನಂದ್ರು?"

"ನೀನು ಹೇಳಿದ್ದನ್ನೇ ನಾನೂ ಹೇಳಿದೆ. ತಪ್ಪು, ಇನ್ನೊಂದ್ಸಲವೂ ಮಾಡ್ತೀನಿ ಅಂತ. ನಾಳೆಯಿಂದ ನಾನು ಬರೋ ಹಾಗಿಲ್ಲ. ಪೆನ್ಶನ್ನೂ ಹೋಗಬಹುದು."

"ಅಯ್ಯೋ ಬೊಡ್ದಿ, ನಾನು ಹೇಳಿದ್ದು ಕಥೇಲಿ! ಕ್ಯಾಪ್ಟನ್‌ಗೆ ಪೆನ್ಶನ್ ಇದೆ ಅಂತ ನೀವು ಹೇಳ್ಲೇ ಇಲ್ಲ! ಅದನ್ನ ಮುಚ್ಚಿಟ್ಟು ತೀರ್ಪು ಕೇಳಿದ್ರಿ!"

"ಹೇಳಿದ್ರೆ ತೀರ್ಪು ಬದಲಾಯಿಸ್ತಿದ್ಯಾ?"

ಆಚೆ ಗೋಡೆಯೊಳಗೆ ಮನ್ಸುರ್ ಮೇಷ್ಟರು ಯಾರನ್ನೋ ಬೈಯುತ್ತಿದ್ದರು. ಜುಂಪಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಲ್ಲ," ಅಂದಳು.